ಕೆಮ್ಮುವ ನಾಯಿಯನ್ನು 21 ದಿನ ಬೇರೆ ಇಡಿ

ನಾಯಿಗಳ ಇನ್‌ಫ್ಲುಯೆಂಜಾದಲ್ಲಿ ಹೆಚ್ಚಿನವರು ಎಡವುವುದು ಒಂದೇ ಕಡೆ: ಕೆಮ್ಮು ನಿಂತ ದಿನವೇ ನಾಯಿಯನ್ನು ಬಿಚ್ಚಿಬಿಡುತ್ತಾರೆ. ಏಷ್ಯಾದಲ್ಲಿ ಹುಟ್ಟಿದ ಎಚ್‌3ಎನ್‌2 ವೈರಸ್ ತಗುಲಿದ ನಾಯಿ, ಮೇಲ್ನೋಟಕ್ಕೆ ಗೆಲುವಾದರೂ, ಕಾಯಿಲೆ ಬಿದ್ದಾಗಿನಿಂದ ಮೂರು ವಾರದವರೆಗೆ ಅದನ್ನು ಹರಡಬಲ್ಲದು. ಸೋಂಕು ತಗುಲಿ 2ರಿಂದ 4 ದಿನಕ್ಕೆ ಕೆಮ್ಮು, ಮೂಗು ಸೋರುವುದು, ಮಂಕುತನ ಶುರು. ಹರಡುವುದು ಅದಕ್ಕೂ ಮುಂಚೆಯೇ. ಐದರಲ್ಲಿ ಒಂದು ನಾಯಿ ಕೆಮ್ಮುವುದೇ ಇಲ್ಲ. ಆದ್ದರಿಂದ ಒಂದು ನಾಯಿ ಕೆಮ್ಮಿದರೆ ಮನೆಯ ಉಳಿದ ನಾಯಿಗಳನ್ನೂ ಹೊರಗೆ ಬಿಡಬೇಡಿ.

ವರ್ಷಕ್ಕೊಮ್ಮೆ ಹಾಕಿಸುವ ಸಂಯುಕ್ತ ಲಸಿಕೆ ಇದನ್ನು ತಡೆಯುವುದಿಲ್ಲ. ಅದರಲ್ಲಿರುವುದು ಪ್ಯಾರಾಇನ್‌ಫ್ಲುಯೆಂಜಾ, ಬೇರೆಯೇ ವೈರಸ್. ಹಾಗಂತ ಅದನ್ನು ತಪ್ಪಿಸಬೇಡಿ; ಅದು ತಡೆಯುವ ಡಿಸ್ಟೆಂಪರ್ ಎಂಬ ಕಾಯಿಲೆ ಕೂಡ ಜ್ವರ, ಕೆಮ್ಮಿನಿಂದಲೇ ಶುರುವಾಗುತ್ತದೆ, ಅದು ಇದಕ್ಕಿಂತ ಘೋರ. ಇನ್‌ಫ್ಲುಯೆಂಜಾಕ್ಕೆಂದೇ ಇರುವ ಲಸಿಕೆ ಸಿಕ್ಕರೆ 2ರಿಂದ 4 ವಾರದ ಅಂತರದಲ್ಲಿ ಎರಡು ಡೋಸ್, ಆಮೇಲೆ ವರ್ಷಕ್ಕೊಂದು. ಅದು ಕಾಯಿಲೆಯ ಜೋರು ತಗ್ಗಿಸುತ್ತದೆ, ಸೋಂಕನ್ನು ಪೂರ್ತಿ ತಡೆಯುವುದಿಲ್ಲ.

ಮದುವೆ, ಮುಂಜಿಗೆ ಹೊರಟಾಗ ನಾಯಿಯನ್ನು ಶಿವಮೊಗ್ಗದ ಬೋರ್ಡಿಂಗಿನಲ್ಲಿ ಬಿಡುವುದಕ್ಕಿಂತ, ಪಕ್ಕದ ಮನೆಯವರು ಬಂದು ಅನ್ನ ಹಾಕಿ ಹೋಗುವುದು ಒಳ್ಳೆಯದು. ಮುಚ್ಚಿದ ಜಾಗದಲ್ಲಿ ಹತ್ತಾರು ನಾಯಿ ಸೇರಿದರೆ ಒಂದರ ಕೆಮ್ಮು ಎಲ್ಲಕ್ಕೂ ಸಾಕು.

ಕಾಯಿಲೆಯ ನಾಯಿಗೆ ಗಾಳಿಯಾಡುವ, ಎರಚಲು ಬಡಿಯದ ಜಾಗ ಬೇಕು. ಮಳೆಗಾಲದಲ್ಲಿ ಅದು ಬಚ್ಚಲೊಲೆಯ ಬುಡಕ್ಕೇ ಹೋಗಿ ಮಲಗುತ್ತದೆ. ಬೆಚ್ಚಗಿರುವುದೇನೋ ನಿಜ, ಆದರೆ ಹೊಗೆ ಕೆಮ್ಮನ್ನು ಕೆರಳಿಸುತ್ತದೆ. ಕೊರಳಪಟ್ಟಿ ತೆಗೆದು ಎದೆಪಟ್ಟಿ ಹಾಕಿ. ಗಂಟಲು ಒತ್ತಿದರೂ ಕೆಮ್ಮು ಏಳುತ್ತದೆ. ಬೆಕ್ಕನ್ನು ಹತ್ತಿರ ಬಿಡಬೇಡಿ, ಎಚ್‌3ಎನ್‌2 ಅದಕ್ಕೂ ತಗುಲುತ್ತದೆ.

ಮೊದಲು ಆರೋಗ್ಯವಾಗಿರುವ ನಾಯಿಗೆ ಊಟ ಹಾಕಿ, ಕೊನೆಗೆ ಕಾಯಿಲೆಯದಕ್ಕೆ. ಬಟ್ಟಲು ಬೇರೆ. ಮುಗಿದ ಮೇಲೆ ಸೋಪು ಹಚ್ಚಿ ಕೈ ತೊಳೆದು ಅಂಗಿ ಬದಲಿಸಿ: ವೈರಸ್ ಕೈಮೇಲೆ 12 ಗಂಟೆ, ಬಟ್ಟೆಯಲ್ಲಿ 24, ನೆಲ, ಪಾತ್ರೆಗಳ ಮೇಲೆ 48 ಗಂಟೆಯವರೆಗೆ ಬದುಕಬಲ್ಲದು. ನೆಲವನ್ನು ಮೊದಲು ಸೋಪುನೀರಿನಿಂದ ಉಜ್ಜಿ; ಜಿಡ್ಡು, ಕೊಳೆ ಇದ್ದರೆ ಬ್ಲೀಚ್ ಕೆಲಸ ಮಾಡುವುದಿಲ್ಲ. ಬಳಿಕ 1 ಲೀಟರ್ ನೀರಿಗೆ ಸುಮಾರು 33 ಮಿ.ಲೀ. ಮನೆಬಳಕೆಯ ಬ್ಲೀಚ್ ದ್ರಾವಣ ಬೆರೆಸಿ ಬಳಿದು, 10 ನಿಮಿಷ ಬಿಟ್ಟು ತೊಳೆಯಿರಿ. ಟಾಯ್ಲೆಟ್ ಆಸಿಡ್ ಜೊತೆ ಬೆರೆಸಿದರೆ ವಿಷಗಾಳಿ ಏಳುತ್ತದೆ. ಹಾಸಿದ ಗೋಣಿಚೀಲವನ್ನು ಹಂಡೆಯ ಕುದಿನೀರಲ್ಲಿ ಅದ್ದಿ ಒಗೆಯಿರಿ. ಮಳೆಗೆ ಒಣಗದಿದ್ದರೆ ಸುಟ್ಟುಬಿಡಿ.

ಮನೆಯಲ್ಲಿರುವ ಪ್ಯಾರಸಿಟಮಾಲ್, ಐಬುಪ್ರೊಫೆನ್ ಕೊಡಬೇಡಿ. ಗುದದಲ್ಲಿ ಥರ್ಮಾಮೀಟರ್ ಇಟ್ಟಾಗ 103 ಡಿಗ್ರಿ ಫ್ಯಾರನ್‌ಹೀಟ್ ದಾಟಿದರೆ, ಮಲಗಿದ್ದಾಗಲೂ ಉಸಿರು ನಿಮಿಷಕ್ಕೆ 40 ಮೀರಿದರೆ ಅಥವಾ ದಿನವಿಡೀ ಅನ್ನ ಮುಟ್ಟದಿದ್ದರೆ ನ್ಯುಮೋನಿಯಾ ಶಂಕಿಸಿ, ಡಾಕ್ಟರಿಗೆ ತೋರಿಸಿ. ಹೊರಡುವ ಮುಂಚೆ ಫೋನ್ ಮಾಡಿ, ಕರೆಯುವವರೆಗೂ ನಾಯಿಯನ್ನು ಗಾಡಿಯಲ್ಲೇ ಇರಿಸಿ. ಮೂಗಿನ ಸ್ವಾಬ್ ಪರೀಕ್ಷೆ ಮಾಡಿಸುವುದಾದರೆ ಲಕ್ಷಣ ಕಂಡ ಮೊದಲ ಮೂರ್ನಾಲ್ಕು ದಿನದೊಳಗೇ ಆಗಬೇಕು. ತಡವಾದರೆ ಸೋಂಕಿದ್ದರೂ ನೆಗೆಟಿವ್ ಬರಬಹುದು.