ಎಲ್ಲರೂ ಕುಡಿದು ಬಾಳಿ

ಬೆಳಿಗ್ಗೆ ಏಳೂವರೆಗೆ ಫೋನ್ ಬಂತು. ರಾತ್ರಿ ಎರಡಕ್ಕೆ ಮಲಗುವವನಿಗೆ ಏಳೂವರೆ ಅಂದ್ರೆ ನಡುರಾತ್ರಿ. ಆ ಕಡೆ ನಮ್ಮ ಚೀಫ್ ಸಬ್, ಅಂದರೆ ಮುಖ್ಯ ಉಪಸಂಪಾದಕರು. ‘ಮೂರನೇ ಪುಟ ನೋಡಿದ್ಯೇನಪ್ಪಾ?’ ಅಂದರು. ಅಷ್ಟೇ. ಪತ್ರಿಕೆಯ ಡೆಸ್ಕಿನಲ್ಲಿ ಕೆಲಸ ಮಾಡುವವರಿಗೆ ಇದಕ್ಕಿಂತ ಕೆಟ್ಟ ಸುಪ್ರಭಾತ ಇನ್ನೊಂದಿಲ್ಲ.

ಮೂರನೇ ಪುಟದಲ್ಲಿ ಎರಡು ಕಾಲಂ ಸುದ್ದಿ. ಯಾವುದೋ ಜಾತ್ರೆಯ ಧರ್ಮಸಭೆ. ಹೆಡ್ಡಿಂಗ್ ಹೀಗಿತ್ತು: ‘ಎಲ್ಲರೂ ಕುಡಿದು ಬಾಳಿ: ಸ್ವಾಮೀಜಿ ಕರೆ’.

ಸ್ವಾಮೀಜಿ ಹೇಳಿದ್ದು ಕೂಡಿ ಬಾಳಿ ಅಂತ. ಊರಿನ ವರದಿಗಾರರು ಟೈಪ್ ಮಾಡುವಾಗ ಒಂದು ದೀರ್ಘ ತಪ್ಪಿಹೋಗಿ ‘ಕುಡಿ ಬಾಳಿ’ ಆಯಿತು. ಪುಟ ಕಟ್ಟುವ ಹುಡುಗ ಬುದ್ಧಿವಂತ. ‘ಕುಡಿ ಬಾಳಿ’ ಅಂದರೆ ವ್ಯಾಕರಣ ಸರಿಯಿಲ್ಲವಲ್ಲ, ‘ಕುಡಿದು ಬಾಳಿ’ ಅಂತಿರಬೇಕು ಎಂದುಕೊಂಡು ತಾನೇ ತಿದ್ದಿದ. ತಿದ್ದಿದ ಪುಟದ ಪ್ರೂಫ್ ನನ್ನ ಟೇಬಲ್ಲಿಗೆ ಬಂತು. ನಾನು ಓದಿ ಸಹಿ ಹಾಕಿದೆ. ಓದಿದೆ ಅಂದುಕೊಂಡೆ ಎನ್ನುವುದು ಹೆಚ್ಚು ಸರಿ. ಸ್ವಾಮೀಜಿ, ಜಾತ್ರೆ, ಧರ್ಮಸಭೆ ಅಂತ ಮೊದಲೇ ಗೊತ್ತಿದ್ದ ಮೇಲೆ ಕಣ್ಣು ಅಲ್ಲಿ ಏನಿರಬೇಕೋ ಅದನ್ನೇ ಓದಿಬಿಟ್ಟಿತ್ತು. ಏನಿದೆಯೋ ಅದನ್ನಲ್ಲ.

ಆ ದಿನ ಆಫೀಸಿಗೆ ಬಂದ ಫೋನುಗಳಲ್ಲಿ ಒಂದು ಮಾತ್ರ ಚೆನ್ನಾಗಿ ನೆನಪಿದೆ. ‘ಏನ್ ಸಾರ್, ಸ್ವಾಮಿಗಳು ಬ್ರ್ಯಾಂಡ್ ಹೇಳ್ಲಿಲ್ವಾ?’ ಮಠದವರು ಬೈಯುತ್ತಾರೆ ಅಂತ ಕಾದೆವು. ಅವರು ನಕ್ಕು, ‘ಈ ಸಲ ಭಕ್ತರು ಜಾಸ್ತಿ ಬರಬಹುದು ಬಿಡಿ’ ಅಂದರು. ಮರುದಿನ ಒಳಪುಟದಲ್ಲಿ ನಾಲ್ಕು ಸಾಲಿನ ತಿದ್ದುಪಡಿ ಹಾಕಿದೆವು. ಆ ನಾಲ್ಕು ಸಾಲನ್ನು ನಾವು ನಾಲ್ಕು ಜನ ಓದಿದೆವು.

ಅಂದಿನಿಂದ ನಾನು ಹೆಡ್ಡಿಂಗನ್ನು ಬಾಯಿಬಿಟ್ಟು ಓದುತ್ತೇನೆ. ಪಕ್ಕದವರಿಗೆ ಹಿಂಸೆ, ನಿಜ. ಆದರೆ ಕಣ್ಣು ಹಾರಿಸಿದ್ದನ್ನು ನಾಲಿಗೆ ಹಾರಿಸುವುದಿಲ್ಲ. ಇನ್ನೊಂದು, ಪುಟ ಪ್ರಿಂಟಿಗೆ ಹೋಗುವ ಮುಂಚೆ ದೊಡ್ಡ ಅಕ್ಷರಗಳನ್ನಷ್ಟೇ ಮತ್ತೊಮ್ಮೆ ನೋಡುತ್ತೇನೆ. ವಿಚಿತ್ರ ಏನಂದರೆ, ಸಣ್ಣ ಅಕ್ಷರದ ತಪ್ಪು ಹತ್ತು ಸಿಕ್ಕುತ್ತವೆ. ಇಡೀ ಪುಟಕ್ಕೆ ಅಡ್ಡಲಾಗಿ ಮಲಗಿರುವ ತಪ್ಪು ಮಾತ್ರ ಯಾರ ಕಣ್ಣಿಗೂ ಬೀಳುವುದಿಲ್ಲ.

ಆದರೆ ಬಾಯಿಬಿಟ್ಟು ಓದಿದರೂ ಸಿಗದ ಒಂದು ಜಾತಿ ಇದೆ. ದ ಮತ್ತು ಧ. ನಮ್ಮಲ್ಲಿ ಎಷ್ಟು ಜನ ಇವೆರಡನ್ನು ಬೇರೆ ಬೇರೆಯಾಗಿ ಉಚ್ಚರಿಸುತ್ತೇವೆ ಹೇಳಿ? ಕಿವಿಗೆ ಒಂದೇ, ಕಣ್ಣಿಗೆ ಮಾತ್ರ ಬೇರೆ. ಹೊಟ್ಟೆಯಲ್ಲಿ ಒಂದು ಸಣ್ಣ ಸೀಳು, ಅಷ್ಟೇ ವ್ಯತ್ಯಾಸ. ಆ ಸೀಳಿಗಾಗಿ ನಾನು ಅರ್ಧ ಆಯುಷ್ಯ ಕಳೆದಿದ್ದೇನೆ. ‘ಎಪಿಎಂಸಿಯಲ್ಲಿ ಮದ್ಯವರ್ತಿಗಳ ಹಾವಳಿ’ ಅಂತ ಸುದ್ದಿ ಬರುತ್ತದೆ. ದಲ್ಲಾಳಿಗಳು ಕುಡಿಯಲಿ ಬಿಡಲಿ, ನಾವು ಹಾಗೆ ಬರೆಯುವಂತಿಲ್ಲ. ಇನ್ನೊಂದು ದಿನ ‘ಮಧ್ಯಪಾನ ನಿಷೇಧಿಸಲು ಮಹಿಳೆಯರ ಆಗ್ರಹ’. ಆಗ ನಮ್ಮ ಡೆಸ್ಕಿನ ಹಿರಿಯರೊಬ್ಬರು ಕನ್ನಡಕ ಮೇಲೇರಿಸಿ, ‘ಹಾಗಾದ್ರೆ ಆರಂಭಪಾನ, ಅಂತ್ಯಪಾನಕ್ಕೆ ತೊಂದರೆ ಇಲ್ಲ ತಾನೇ?’ ಅಂತ ಕೇಳಿದರು.

ಹೊಸಬರಿಗೆ ಇದನ್ನು ಕಲಿಸಲು ನಾನೊಂದು ನಾಟಿ ಉಪಾಯ ಮಾಡಿಕೊಂಡಿದ್ದೇನೆ. ಮದ್ಯದಲ್ಲಿ ಮದ ಇದೆ, ಅದಕ್ಕೆ ಸೀಳು ಬೇಡ. ಹೊಟ್ಟೆ ಇರುವುದು ಮೈಯ ಮಧ್ಯ, ಅಲ್ಲಿ ಹೊಟ್ಟೆ ಸೀಳಬೇಕು. ಪ್ರಶಸ್ತಿ ಪ್ರದಾನದಲ್ಲಿ ದಾನ ಇದೆ, ದಾನ ಕೊಡುವವರ ಹೊಟ್ಟೆ ಸೀಳಬಾರದು. ಪ್ರಧಾನಿಗೆ ಮಾತ್ರ ಸೀಳಿ, ಅವರು ತಡೆದುಕೊಳ್ಳುತ್ತಾರೆ. ಹಾಗಾದರೆ ಮಧುವಿಗೆ ಯಾಕೆ ಸೀಳು ಎಂದು ಒಬ್ಬಳು ಟ್ರೈನಿ ಕೇಳಿದಳು. ಚಹಾ ಕುಡಿಯಲು ಕರೆದುಕೊಂಡು ಹೋದೆ.

ಏನೂ ತಪ್ಪಿಲ್ಲದೆಯೂ ತಪ್ಪಾಗುವುದುಂಟು. ಸಿಂಗಲ್ ಕಾಲಂ ಸುದ್ದಿಯಲ್ಲಿ ಒಂದು ಸಾಲಿಗೆ ಎರಡು ಮೂರು ಪದ ಹಿಡಿಸಿದರೆ ಹೆಚ್ಚು. ಉದ್ದದ ಪದವನ್ನು ಎಲ್ಲಿ ಮುರಿಯಬೇಕು ಅಂತ ಸಾಫ್ಟ್‌ವೇರೇ ತೀರ್ಮಾನಿಸುತ್ತದೆ, ಅದಕ್ಕೆ ಕನ್ನಡ ಬರುವುದಿಲ್ಲ. ಸಹಕಾರ ಸಂಘವೊಂದರ ಅಧ್ಯಕ್ಷರು ಅವಿರೋಧವಾಗಿ ಆಯ್ಕೆಯಾದರು. ಪತ್ರಿಕೆಯಲ್ಲಿ ಮೇಲಿನ ಸಾಲಿನ ತುದಿಯಲ್ಲಿ ‘ಅ’ ಒಂದೇ ನಿಂತಿತ್ತು. ಕೆಳಗಿನ ಸಾಲು ‘ವಿರೋಧವಾಗಿ ಆಯ್ಕೆಯಾದರು’ ಎಂದು ಶುರುವಾಗುತ್ತಿತ್ತು. ಸಂಘದ ಕಾರ್ಯದರ್ಶಿ ಪೇಪರ್ ಹಿಡಿದುಕೊಂಡು ಆಫೀಸಿಗೇ ಬಂದರು. ‘ವಿರೋಧ ಇದ್ದದ್ದು ನಿಜ ಸಾರ್, ಆದ್ರೆ ಅದು ಒಳಗಿನ ವಿಷಯ. ನಿಮಗೆ ಯಾರು ಹೇಳಿದ್ರು?’ ಎಂದು ಕೇಳಿದರು. ಅವತ್ತಿಂದ ಸಾಲಿನ ತುದಿಯಲ್ಲಿ ಒಂಟಿ ‘ಅ’ ಕಂಡರೆ ನಾನು ಒಂದು ಪದವನ್ನಾದರೂ ಸೇರಿಸಿ ಅದನ್ನು ಕೆಳಗಿಳಿಸುತ್ತೇನೆ.

ಫಾಂಟಿನ ಕಥೆ ಹೇಳದಿದ್ದರೆ ಪೂರ್ತಿಯಾಗುವುದಿಲ್ಲ. ನುಡಿ, ಬರಹ ಎಂಬ ಕನ್ನಡ ಟೈಪಿಂಗ್ ಸಾಫ್ಟ್‌ವೇರ್‌ಗಳ ಹಳೆಯ ಫಾಂಟಿನಲ್ಲಿ ಬಂದ ಸುದ್ದಿ ಯುನಿಕೋಡ್ ಮಾತ್ರ ಗೊತ್ತಿರುವ ಕಂಪ್ಯೂಟರಿನಲ್ಲಿ ತೆರೆದರೆ ‘ನ’ ಇದ್ದಲ್ಲೆಲ್ಲ ಪೌಂಡಿನ ಗುರುತು ಕಾಣುತ್ತದೆ. ‘ನಮ್ಮ ನಾಡು ನುಡಿ’ ಅಂತ ಬರೆದದ್ದು ಲಂಡನ್ನಿನ ಬ್ಯಾಂಕ್ ಪಾಸ್‌ಬುಕ್ಕಿನ ಹಾಗೆ ಕಾಣುತ್ತದೆ. ಪರಿವರ್ತಿಸಿದರೆ ಅರ್ಕಾವತ್ತು ಜಾಗ ತಪ್ಪಿ ಕೂರುತ್ತದೆ. ಕಾರ್ಯಕ್ರಮ ‘ಕಾಯರ್ಕ್ರಮ’ ಆಗುತ್ತದೆ. ಸರ್ಕಾರ ‘ಸಕಾರ್ರ’ ಆಗುತ್ತದೆ. ಇದನ್ನು ಮಾತ್ರ ಒಮ್ಮೆ ಜೋರಾಗಿ ಓದಿ ನೋಡಿ. ಚಳಿಗಾಲದ ಬೆಳಿಗ್ಗೆ ಹಳೇ ಸರ್ಕಾರಿ ಜೀಪ್ ಸ್ಟಾರ್ಟ್ ಮಾಡಿದಂತೆ ಕೇಳುತ್ತದೆ.

ಎಲ್ಲವನ್ನೂ ಒಂದೇ ಏಟಿಗೆ ತಿದ್ದುತ್ತೇನೆ ಅಂತ ಹೋದರೆ ಇನ್ನೂ ಅಪಾಯ. 2014ರ ನವೆಂಬರ್ 1ರಂದು ರಾಜ್ಯದ 12 ನಗರಗಳ ಹೆಸರು ಬದಲಾಯಿತು. ಗುಲ್ಬರ್ಗಾ ಕಲಬುರಗಿ ಆಯಿತು, ಬಿಜಾಪುರ ವಿಜಯಪುರ ಆಯಿತು. ನಮ್ಮಲ್ಲೊಬ್ಬ ಹಳೇ ಹೆಸರು ಎಲ್ಲಿ ಕಂಡರೂ ಹೊಸದಾಗುವಂತೆ ವ್ಯವಸ್ಥೆ ಮಾಡಿದ. ಎರಡು ವಾರ ಆರಾಮಾಗಿದ್ದೆವು. ಆಮೇಲೊಂದು ರಾತ್ರಿ ಏಜೆನ್ಸಿ ಸುದ್ದಿ ತಿದ್ದುತ್ತಿದ್ದೆ. ‘ವಿಜಯಪುರದ ಕಾಡಿನಲ್ಲಿ ನಕ್ಸಲರ ಜೊತೆ ಗುಂಡಿನ ಚಕಮಕಿ’. ವಿಜಯಪುರದಲ್ಲಿ ಕಾಡೆಲ್ಲಿಂದ ಬಂತಪ್ಪಾ, ಇರೋದು ಜೋಳದ ಹೊಲ ಅಂತ ಅನುಮಾನ ಬಂತು. ನೋಡಿದರೆ ಅದು ಛತ್ತೀಸಗಢದ ಬಿಜಾಪುರ! ಆ ರಾಜ್ಯದ ಊರಿನ ಹೆಸರು ಬದಲಿಸುವ ಅಧಿಕಾರ ನಮಗೆ ಯಾರೂ ಕೊಟ್ಟಿರಲಿಲ್ಲ. ಸಾಲದ್ದಕ್ಕೆ ದೇವನಹಳ್ಳಿ ತಾಲ್ಲೂಕಿನಲ್ಲೂ ಒಂದು ವಿಜಯಪುರ ಇದೆ. ಅಲ್ಲಿಯ ಸುದ್ದಿಗಳು ಎಷ್ಟೋ ದಿನ ಉತ್ತರ ಕರ್ನಾಟಕದ ಪುಟದಲ್ಲಿ ಹೋಗಿ ಕೂರುತ್ತಿದ್ದವು.

ಅನುವಾದದ ಎಡವಟ್ಟುಗಳನ್ನು ಬರೆಯಲು ಹೊರಟರೆ ಜಾಗ ಸಾಲದು, ಒಂದೇ ಸಾಕು. ಕ್ರಿಕೆಟ್ ಗೊತ್ತಿಲ್ಲದ ಹುಡುಗನಿಗೆ ಟೆಸ್ಟ್ ಪಂದ್ಯದ ಸುದ್ದಿ ಕೊಟ್ಟಿದ್ದೆವು. ‘ರಾತ್ರಿ ಕಾವಲುಗಾರ 18 ರನ್ ಗಳಿಸಿ ಔಟಾದರು’ ಅಂತ ಬರೆದುಕೊಟ್ಟ. ದಿನದ ಕೊನೆಗೆ ವಿಕೆಟ್ ಉಳಿಸಲು ಕಳಿಸುವ ಬೌಲರಿಗೆ ನೈಟ್ ವಾಚ್‌ಮನ್ ಅನ್ನುತ್ತಾರೆ ಎಂದು ವಿವರಿಸಿದೆ. ಅವನು ಸ್ವಲ್ಪ ಬೇಜಾರಿನಿಂದಲೇ, ‘ನಾನು ಪಾಪ ಸ್ಟೇಡಿಯಂ ವಾಚ್‌ಮನ್‌ಗೂ ಒಂದು ಚಾನ್ಸ್ ಕೊಟ್ರು ಅಂದ್ಕೊಂಡಿದ್ದೆ’ ಅಂದ.

ಇಷ್ಟೆಲ್ಲ ಓದಿ ಡೆಸ್ಕಿನವರು ಬರೀ ತಪ್ಪು ಹೆಕ್ಕುವವರು ಅಂದುಕೊಳ್ಳಬೇಡಿ. ನಮಗೂ ಸಂಭ್ರಮ ಇದೆ, ಅದು ಹೆಡ್ಡಿಂಗಿನಲ್ಲಿ. ಕನ್ನಡ ಪತ್ರಿಕೆಗಳಲ್ಲಿ ಪನ್, ಅಂದರೆ ಪದಗಳ ಚಮತ್ಕಾರ, ಅಂದ ಕೂಡಲೇ ಎಲ್ಲರೂ ಮೊದಲು ಹೇಳುವ ಹೆಸರು ಪತ್ರಕರ್ತ ವೈಎನ್ಕೆ (ವೈ.ಎನ್. ಕೃಷ್ಣಮೂರ್ತಿ) ಅವರದು. ಅವರು ಹೋಗಿ ಎಷ್ಟೋ ವರ್ಷವಾದರೂ ನಮ್ಮಂಥ ಮರಿಗಳೆಲ್ಲ ಆ ದಾರಿಯಲ್ಲೇ ಎಡವುತ್ತಿರುತ್ತೇವೆ. ನಾನು ತುಂಬ ಹೆಮ್ಮೆಪಟ್ಟ ಹೆಡ್ಡಿಂಗ್ ತೊಗರಿ ರೈತರ ಪ್ರತಿಭಟನೆಯದು. ‘ಬೆಳೆ ಬಂತು, ಬೆಲೆ ಬರಲಿಲ್ಲ, ಬೇಳೆ ಬೇಯಲಿಲ್ಲ’. ಮೂರೂ ಒಂದೇ ಗುಕ್ಕಿನಲ್ಲಿ! ಚೀಫ್ ಸಬ್ ನೋಡಿ, ‘ಬೇಳೆ ತೆಗಿ’ ಅಂದರು. ಪ್ರತಿಭಟನೆಯಲ್ಲಿ ಕೂತವನ ಹೊಟ್ಟೆ ಉರಿಯುತ್ತಿರುವಾಗ ನಮ್ಮ ಚಮತ್ಕಾರ ಜಾಸ್ತಿಯಾಗಬಾರದು ಎಂದರು. ತೆಗೆದೆ. ನೋವಾಯಿತು, ಆದರೆ ಅವರು ಹೇಳಿದ್ದು ಸರಿ ಅಂತ ಈಗಲೂ ಅನ್ನಿಸುತ್ತದೆ. ಸಾವಿನ ಸುದ್ದಿಗೆ ಪನ್ ಮಾಡಬಾರದು ಎನ್ನುವುದು ಎಲ್ಲರಿಗೂ ಗೊತ್ತು. ಸಾಲದ ಸುದ್ದಿಗೂ ಕೈ ಸ್ವಲ್ಪ ಬಿಗಿಯಾಗಿಯೇ ಇರಬೇಕು.

ತಮಾಷೆ ಆಮೇಲೆ ಆಯಿತು. ಪ್ರೂಫ್ ಬಂದಾಗ ಲ, ಳ ಅದಲುಬದಲಾಗಿ ‘ಬೆಲೆ ಬಂತು, ಬೆಳೆ ಬರಲಿಲ್ಲ’ ಅಂತಿತ್ತು. ಕೆಂಪು ಪೆನ್ನು ಎತ್ತಿದವನು ಅರೆಕ್ಷಣ ನಿಂತೆ. ಇದೂ ಸರಿಯೇ ಅಲ್ವಾ? ಹಿಂದಿನ ವರ್ಷ ಮಳೆ ಇಲ್ಲದೆ ಆಗಿದ್ದು ಇದೇ. ಆಗಲೂ ಇದೇ ರೈತರು ಇದೇ ಜಾಗದಲ್ಲಿ ಕೂತಿದ್ದರು.

ಕೊನೆಗೆ ಮನೆಯ ಸುದ್ದಿ. ಸೋದರತ್ತೆಯ ಮಗಳ ಮದುವೆ. ‘ನೀನು ಪೇಪರಿನವನು, ಒಂದಕ್ಷರ ತಪ್ಪಿರಬಾರದು ನೋಡು’ ಎಂದು ಅತ್ತೆ ಲಗ್ನಪತ್ರಿಕೆಯ ಕರಡು ಕಳಿಸಿದರು. ನೋಡಿದೆ. ‘ಆರ್ಥಿಕ ಸ್ವಾಗತ’ವನ್ನು ‘ಹಾರ್ದಿಕ’ ಮಾಡಿದೆ. ‘ಆಶಿರ್ವಾದ’ಕ್ಕೆ ದೀರ್ಘ ಕೊಟ್ಟೆ. ಮೂರು ಸಲ ಬಾಯಿಬಿಟ್ಟು ಓದಿದೆ. 400 ಕಾರ್ಡ್ ಅಚ್ಚಾಗಿ ಬಂದ ಮೇಲೆ ಮಾವ ಕ್ಯಾಲೆಂಡರ್ ನೋಡಿದರು. ತಾರೀಕು ಸರಿ. ಅದರ ಪಕ್ಕದಲ್ಲಿ ಭಾನುವಾರ ಅಂತಿತ್ತು. ಮದುವೆ ಇದ್ದದ್ದು ಶನಿವಾರ.

ಆ ರಾತ್ರಿ ಅತ್ತೆ ಮನೆ ಹಜಾರದಲ್ಲಿ ಕೂತು 400 ಕಾರ್ಡಿಗೂ ಚೀಟಿ ಅಂಟಿಸಿ, ಮೇಲೆ ಪೆನ್ನಿನಲ್ಲಿ ಶನಿವಾರ ಅಂತ ಬರೆದೆ. ಅತ್ತೆ ಎರಡು ಸಲ ಕಾಫಿ ಕೊಟ್ಟರು, ಒಂದು ಮಾತೂ ಆಡಲಿಲ್ಲ. ಇನ್ನೂರು ದಾಟಿರಬೇಕು, ಒಂದು ಕಾರ್ಡಿನಲ್ಲಿ ದೀರ್ಘ ಬಿಟ್ಟುಹೋಗಿ ‘ಶನಿವರ’ ಅಂತ ಬರೆದಿದ್ದೆ. ಅದರ ಕೆಳಗೇ ಅಳಿಯನ ಹೆಸರು, ಡಿಗ್ರಿ ಸಮೇತ.

ಆ ಕಾರ್ಡನ್ನು ಜೇಬಿಗೆ ಹಾಕಿಕೊಂಡು, ಒಂದು ಕಾರ್ಡ್ ಕಮ್ಮಿ ಬಂದಿದೆ ಅಂದೆ.