ಏಪ್ರಿಲ್‌ಗೆ ತಳ್ಳದ ಖರ್ಚು

ಪೀಣ್ಯದಲ್ಲಿ ವಾಹನಗಳ ಬಿಡಿಭಾಗ ಮಾಡುವ ಒಂದು ಫ್ಯಾಕ್ಟರಿಯ ಉಸ್ತುವಾರಿ ನನ್ನದು. ನಮ್ಮ ಮಾಲು ಕೊಳ್ಳುವವರು ಷೇರುಪೇಟೆಯಲ್ಲಿರುವ ಕಂಪನಿಗಳು. ಪ್ರತಿ ಮೂರು ತಿಂಗಳ ಲೆಕ್ಕವನ್ನು ಅವರು ಹೂಡಿಕೆದಾರರ ಮುಂದಿಡಬೇಕು. ಆ ಒತ್ತಡ ನಮ್ಮ ಗೇಟಿನೊಳಗೂ ಬರುತ್ತದೆ. ಮಾರ್ಚ್ ಕೊನೆಗೆ ಫೋನ್ ಬರುತ್ತದೆ: "ಸ್ಟಾಕ್ ಜಾಸ್ತಿ ಕಾಣಬಾರದು, ಮಾಲು ಒಂದನೇ ತಾರೀಖಿಗೆ ಕಳಿಸಿ." ನಮ್ಮ ಬಿಲ್ಲಿಂಗ್ ಬೀಳುತ್ತದೆ. ಆಗ ಮೊದಲು ಕತ್ತರಿ ಬೀಳುವುದು ಮೆಷಿನ್ ಸರ್ವೀಸಿಗೆ, ಟ್ರೇನಿಂಗಿಗೆ.

ಯಾಕಂದ್ರೆ ಆ ಕತ್ತರಿ ತಕ್ಷಣ ಲಾಭವಾಗಿ ಕಾಣುತ್ತದೆ. ಸಿಎನ್‌ಸಿ (ಕಂಪ್ಯೂಟರ್ ಹೇಳಿದಂತೆ ನಡೆಯುವ) ಲೇತಿನಲ್ಲಿ ಪೀಸನ್ನು ತಿರುಗಿಸುವ ಸ್ಪಿಂಡಲ್ಲಿನ ಬೇರಿಂಗ್ ಸವೆದರೂ ಮೆಷಿನ್ ಓಡುತ್ತಲೇ ಇರುತ್ತದೆ. ಮೊದಲು ಮುಟ್ಟಿದರೆ ಬಿಸಿ ಹತ್ತುತ್ತದೆ. ಆಮೇಲೆ ಸಣ್ಣಗೆ ಗುಂಯ್ ಅನ್ನುವ ಸದ್ದು. ಫಿನಿಶ್ ಕೆಡುತ್ತದೆ, ಸೈಜು ಮೈಕ್ರಾನ್ ಲೆಕ್ಕದಲ್ಲಿ ಆಚೀಚೆ ಆಗುತ್ತದೆ, ಅದನ್ನು ಸರಿದೂಗಿಸಲು ಆಪರೇಟರ್ ಮತ್ತೆ ಮತ್ತೆ ಮೆಷಿನ್ನಿನ ಅಳತೆಯ ಆಫ್‌ಸೆಟ್ ತಿದ್ದುತ್ತಾನೆ. ರಿಜೆಕ್ಷನ್ ಏರುವ ಹೊತ್ತಿಗೆ ತಿಂಗಳುಗಳು ಕಳೆದಿರುತ್ತವೆ. ಖರ್ಚು ಉಳಿಸಿದವರಿಗೆ ಆಗಲೇ ಶಹಬ್ಬಾಸ್ ಸಿಕ್ಕಿರುತ್ತದೆ.

ಹಾಗಾಗಿ ಬಜೆಟ್ಟನ್ನೇ ಎರಡು ಮಾಡಿದೆ. ಕರೆಂಟು, ಕೂಲಂಟ್, ಇನ್ಸರ್ಟ್ (ಲೋಹ ಕತ್ತರಿಸುವ, ಸವೆದಾಗ ಬದಲಿಸುವ ತುದಿ), ಓವರ್‌ಟೈಮ್ ಒಂದು ಕಡೆ. ಇವನ್ನು ತಿಂಗಳು ತಿಂಗಳೂ ಬಿಗಿ ಹಿಡಿಯುತ್ತೇವೆ, ಅದರಲ್ಲಿ ಸಡಿಲ ಇಲ್ಲ. ಸ್ಪಿಂಡಲ್, ಅಳತೆಯ ಗೇಜು, ಐಟಿಐ ಹುಡುಗರ ಅಪ್ರೆಂಟಿಸ್‌ಶಿಪ್ ಇನ್ನೊಂದು ಕಡೆ. ಇದನ್ನು ತಿಂಗಳ ಮೀಟಿಂಗಿನಲ್ಲಿ ಯಾರೂ ಮುಟ್ಟುವಂತಿಲ್ಲ. ಮುಂದೂಡಲೇಬೇಕು ಅನ್ನುವವರು ಕಾರಣ ಬರೆದು ಸಹಿ ಹಾಕಬೇಕು. ಸಹಿ ಕೇಳಿದ ಮೇಲೆ ಮುಂದೂಡುವ ಮಾತು ಎಷ್ಟೋ ಕಮ್ಮಿಯಾಯಿತು.

ಎಂ.ಡಿ. ಮೊದಲು ಒಪ್ಪಲಿಲ್ಲ. "ಮಾರ್ಚ್ ಮುಗೀಲಿ, ಏಪ್ರಿಲ್‌ನಲ್ಲಿ ನೋಡೋಣ ಕಣ್ರೀ" ಅಂದರು. ವಾದ ಮಾಡಲಿಲ್ಲ. ರಿಜೆಕ್ಷನ್ ರಿಜಿಸ್ಟರನ್ನೂ ಸರ್ವೀಸ್ ರಿಜಿಸ್ಟರನ್ನೂ ಅಕ್ಕಪಕ್ಕ ಬಿಚ್ಚಿಟ್ಟೆ. ಯಾವ ಮೆಷಿನ್ನಿನ ಸರ್ವೀಸ್ ಮುಂದಕ್ಕೆ ಹೋಗಿತ್ತೋ ಅದರ ಪೀಸುಗಳೇ ಹೆಚ್ಚು ವಾಪಸ್ ಬಂದಿದ್ದವು. ಪುಟ ತಿರುವಿ ತಿರುವಿ ನೋಡಿ ಒಪ್ಪಿಕೊಂಡರು.

2009ರಲ್ಲಿ ಸೋಪು, ಶಾಂಪೂ ಮಾಡುವ ಯೂನಿಲಿವರ್ ಕಂಪನಿಯ ಮುಖ್ಯಸ್ಥರಾದ ಪಾಲ್ ಪೋಲ್‌ಮನ್, ಮೂರು ತಿಂಗಳಿಗೊಮ್ಮೆ ಲಾಭದ ಲೆಕ್ಕ ಕೊಡುವುದನ್ನೇ ನಿಲ್ಲಿಸಿದರು. ನಮ್ಮಂಥ ಸಪ್ಲೈಯರ್ ಕೈಯಲ್ಲಿ ಅಷ್ಟು ಅಧಿಕಾರ ಇಲ್ಲ. ಗಿರಾಕಿಯ ಮಾರ್ಚ್ ಬಂದೇ ಬರುತ್ತದೆ.

ಅಪ್ರೆಂಟಿಸ್ ಹುಡುಗರದ್ದು ಮಾತ್ರ ಇನ್ನೂ ಚರ್ಚೆಯಲ್ಲೇ ಇದೆ. ಕಲಿತ ಮೇಲೆ ಕೆಲವರು ಬೇರೆ ಕಡೆ ಹೋಗುತ್ತಾರೆ, ನಿಜ. ಆದರೆ ಉಳಿದವರೇ ಇವತ್ತು ಮೆಷಿನ್ ಸದ್ದು ಕೇಳಿ "ಸಾರ್, ಒಂದ್ಸಲ ನೋಡಿ" ಅಂತ ನಮ್ಮನ್ನು ಕರೆಯುವವರು. ಈ ವರ್ಷವೂ ಹೊಸ ಬ್ಯಾಚ್ ತೆಗೆದುಕೊಳ್ಳುತ್ತಿದ್ದೇವೆ.