ಪಡಸಾಲಿಗೆ ಬಿದರಿ ಕೂತದ್ದು ಹೀಗೆ: ನನ್ನ ಅನುಭವ

"ಕರಿ ಸಾಮಾನು ಗ್ವಾಡಿಗಿ ಕಾಣ್ಸಂಗಿಲ್ರಿ, ಕಪಾಟದಾಗ ಇಡ್ರಿ." ಬಿದರಿಯನ್ನು, ಅಂದರೆ ಬೆಳ್ಳಿ ಕೂಡಿಸಿದ ಬೀದರಿನ ಕರಿ ಲೋಹದ ಸಾಮಾನನ್ನು, ಪಡಸಾಲಿಯಲ್ಲಿ ಇಡುತ್ತೇನೆ ಎಂದಾಗ ಕಲಬುರಗಿಯಲ್ಲಿ ಹೆಚ್ಚಿನವರು ಹೇಳಿದ್ದು ಇದನ್ನೇ. ಅದೇ ಕರಿ ಸಾಮಾನಿನಲ್ಲೊಂದಾದ ಸುರಾಹಿಯ, ಅಂದರೆ ಉದ್ದ ಕತ್ತಿನ ಹೂಜಿಯ, ಬೆಳ್ಳಿ ಬಳ್ಳಿ ಈಗ ಬಾಗಿಲಲ್ಲಿ ನಿಂತರೂ ಎಲೆ ಎಲೆಯಾಗಿ ಕಾಣುತ್ತದೆ. ಬದಲಾದದ್ದು ಗೋಡೆಯ ಬಣ್ಣ ಮತ್ತು ಬೆಳಕು ಬೀಳುವ ಓರೆ, ಅಷ್ಟೇ.

ಕೋಣೆ 11 ಅಡಿಗೆ 14. ಹಳೇ ಕಲ್ಲಿನ ಗೋಡೆಗೆ ಸುಣ್ಣ, ನೆಲಕ್ಕೆ ಶಹಾಬಾದ್ ಫರ್ಸಿ, ಮಾಳಿಗೆ 10 ಅಡಿ ಎತ್ತರ, ಉದ್ದ ಗೋಡೆಗೆ 6 ಅಡಿಯ ದಿವಾನ. ಮೊದಲು ಕಳೆದ ದುಡ್ಡಿನ ಲೆಕ್ಕ ಹೇಳಿಬಿಡುತ್ತೇನೆ. ತಗಡಿನ ಎಲೆಗಳ ಗೋಡೆ ಅಲಂಕಾರಕ್ಕೆ 3,200, ಐದು ತುಂಡಿನ ಪ್ರಿಂಟ್ ಚಿತ್ರಕ್ಕೆ 2,600, ರಾಳದ ಬುದ್ಧನಿಗೆ 1,400, ಪ್ಲಾಸ್ಟಿಕ್ ಹೂವಿಗೆ 900. ಎಂಟು ಸಾವಿರದಷ್ಟು ಹೋಯಿತು. ಚಿತ್ರದ ತುಂಡುಗಳನ್ನು ಎರಡು ಬದಿ ಅಂಟುವ ಟೇಪಿನಿಂದ ಹಚ್ಚಿದ್ದು ಫೆಬ್ರವರಿಯಲ್ಲಿ. ಮೇ ಬಿಸಿಲಿಗೆ ಒಂದೊಂದೇ ಕಳಚಿ ಬಿದ್ದವು, ಜೊತೆಗೆ ಅಂಗೈಯಗಲ ಸುಣ್ಣದ ಪದರೂ ಕಿತ್ತು ಬಂತು. ಸುಣ್ಣದ ಗೋಡೆಗೆ ಟೇಪು ಆಗುವುದಿಲ್ಲ. ಟೇಪು ಹಿಡಿಯುವುದು ಸುಣ್ಣದ ಮೇಲ್ಪುಡಿಯನ್ನೇ ಹೊರತು ಗೋಡೆಯನ್ನಲ್ಲ.

ಈ ಸಲ ಏನನ್ನೂ ಕೊಳ್ಳುವ ಮೊದಲು ಕರಿ ಚಾರ್ಟ್ ಹಾಳೆ ಕತ್ತರಿಸಿದೆ. ಸುರಾಹಿ, ತಟ್ಟೆ, ಡಬ್ಬಿ, ಹೂದಾನಿ ಎಂದು ಏಳು ಆಕಾರ, ಎಲ್ಲವೂ ನಿಜ ಅಳತೆಯಲ್ಲಿ. ಮೈದಾ ಅಂಟಿನಿಂದ ಗೋಡೆಗೆ ಹಚ್ಚಿ ಒಂದು ವಾರ ಹಾಗೇ ಬಿಟ್ಟೆ. ನಾಲ್ಕನೇ ದಿನಕ್ಕೆ ನಾಲ್ಕು ತೆಗೆದೆ. ಉಳಿದ ಮೂರು 10, 8 ಮತ್ತು 3 ಇಂಚಿನವು. ಎಲ್ಲ ಒಂದೇ ಎತ್ತರವಿದ್ದರೆ ಅಂಗಡಿಯ ಸಾಲಿನಂತೆ ಕಾಣುತ್ತವೆ. ಸಣ್ಣ ಡಬ್ಬಿ ಪಕ್ಕದಲ್ಲಿದ್ದರೇನೇ ಸುರಾಹಿಯ ಕತ್ತು ಉದ್ದ ಅನಿಸುವುದು.

ಆಮೇಲೆ ಬಣ್ಣ. ಒಂದಡಿ ಚೌಕದ ಮೂರು ಹಲಗೆಗಳಿಗೆ ಅಚ್ಚ ಬಿಳಿ, ತಿಳಿ ನೀಲಿ ಮತ್ತು ಬಿಳಿಜೋಳದ ರೊಟ್ಟಿಯ ಬಣ್ಣ ಬಳಿದು, ಎರವಲು ತಂದ ಬಿದರಿ ಡಬ್ಬಿಯನ್ನು ಮುಂದಿಟ್ಟು ನೋಡಿದೆ. ಬಿಳಿಯ ಮುಂದೆ ಕಣ್ಣಿಗೆ ಬೀಳುವುದು ಕರಿ ಆಕಾರ ಮಾತ್ರ, ಬೆಳ್ಳಿ ಗೆರೆ ಮಂಕಾಗುತ್ತದೆ. ನೀಲಿಯ ಮುಂದೆ ಬೆಳ್ಳಿ ತವರದಂತೆ ಕಾಣುತ್ತದೆ. ರೊಟ್ಟಿ ಬಣ್ಣದ ಮುಂದೆ ಕಪ್ಪೂ ಉಳಿಯುತ್ತದೆ, ಬೆಳ್ಳಿಯೂ ಉಳಿಯುತ್ತದೆ. ಸುಣ್ಣಕ್ಕೆ ಕೆಮ್ಮಣ್ಣಿನ ತಿಳಿ ಬೆರೆಸಿದರೆ ಆ ಬಣ್ಣದ ಹತ್ತಿರ ಬರುತ್ತದೆ. ನಾನು ಇನ್ನೂ ಒಂದು ಪುಡಿ ಹಾಕುತ್ತೇನೆ, ಅದು ನನ್ನ ಹತ್ತಿರವೇ ಇರಲಿ. ದಿವಾನದ ಹಿಂದಿನ ಗೋಡೆಗಷ್ಟೇ ಬಳಿದದ್ದು, 600 ರೂಪಾಯಿ ಒಳಗೇ ಆಯಿತು. ಸುಣ್ಣ ಪೂರಾ ಒಣಗಲು ಮೂರು ವಾರ ಬಿಡಲೇಬೇಕು. ಬಿದರಿಯ ಮೈಯೆಲ್ಲ ಸತು, ತಾಮ್ರ ಇರುವುದು ಸ್ವಲ್ಪ ಮಾತ್ರ. ಹಸಿ ಸುಣ್ಣದ ಕ್ಷಾರ ಸತುವನ್ನು ತಿನ್ನುತ್ತದೆ, ತಾಗಿದಲ್ಲಿ ಬಿಳಿ ಬೂದಿ ಏಳುತ್ತದೆ.

ಬೆಳಕಿನಲ್ಲಿ ಎರಡು ಸಲ ತಪ್ಪಿದೆ. ಟ್ಯೂಬ್‌ಲೈಟ್ ಎದುರಿಗಿದ್ದಾಗ ಕಪ್ಪು ಮೈ ಬೂದು ತಿರುಗಿ, ಕೆತ್ತನೆ ಸಪಾಟಾಯಿತು. ಸ್ಪಾಟ್ ಲೈಟನ್ನು ನೇರ ಮೇಲೆ ಹಾಕಿದಾಗ ಸುರಾಹಿಯ ಹೊಟ್ಟೆಯ ಕೆಳಗೆ ಪೂರ್ತಿ ನೆರಳು. ಸರಿಯಾದದ್ದು ಹೀಗೆ: ದೀಪ ಗೋಡೆಯಿಂದ 3 ಅಡಿ ಈಚೆ, ಸುರಾಹಿಯಿಂದ ಎಡಕ್ಕೆ 2 ಅಡಿ, 5 ವ್ಯಾಟ್, 3000 ಕೆಲ್ವಿನ್ ಹಳದಿ. ಬೆಳಕು ಓರೆಯಾಗಿ ಸವರಿಕೊಂಡು ಹೋಗುವಾಗ ತಾರ್ಕಶಿಯ (ಬೆಳ್ಳಿ ತಂತಿ ಕೂಡಿಸುವ ಕೆಲಸ) ಒಂದೊಂದು ತಂತಿಯೂ ಮಿಂಚುತ್ತದೆ, ನಡುವಿನ ಕಪ್ಪು ಕಾಡಿಗೆಯಷ್ಟು ಆಳವಾಗುತ್ತದೆ. ತಟ್ಟೆಗೆ ಇನ್ನೊಂದು ದೀಪ ಬೇಕಾಯಿತು, ಎರಡೂ ಸೇರಿ 800.

ಹಲಗೆ ಸಾಗುವಾನಿಯದು. 4 ಅಡಿ ಉದ್ದ, 8 ಇಂಚು ಅಗಲ, ನೆಲದಿಂದ ನಾಲ್ಕೂವರೆ ಅಡಿ ಎತ್ತರ. ದಿವಾನದ ಉದ್ದದ ಮೂರರಲ್ಲಿ ಎರಡು ಪಾಲು ಎಂಬ ಲೆಕ್ಕ. ಅಂಚಿಗೆ ಅರ್ಧ ಇಂಚಿನ ಪಟ್ಟಿ ಹೊಡೆಸಿ. ಬಿದರಿ ಎರಕದ ಸಾಮಾನು, ಬಿದ್ದರೆ ತಗ್ಗು ಬೀಳುವುದಿಲ್ಲ, ಸೀಳುತ್ತದೆ. ಹಳೇ ಗೋಡೆಗೆ ಪ್ಲಾಸ್ಟಿಕ್ ಗಟ್ಟೆ ನಿಲ್ಲಲಿಲ್ಲ, ಸಂದಿನ ಗಾರೆ ಪುಡಿಯಾಗಿ ಸ್ಕ್ರೂ ತಿರುಗುತ್ತಲೇ ಇತ್ತು. ಡ್ರಿಲ್ಲಿನ ಹ್ಯಾಮರ್ ಬಂದ್ ಮಾಡಿ 12 ಮಿಲಿಮೀಟರ್ ತೂತು 2 ಇಂಚು ಆಳಕ್ಕೆ ಹಾಕಿ, ಒಣ ಬೇವಿನ ಗೂಟ ಬಡಿದು, ಅದಕ್ಕೆ ಸ್ಕ್ರೂ ಬಿಗಿದ ಮೇಲೆ ಅಲುಗಿಲ್ಲ. ಬಡಗಿಯವರ ಕೂಲಿ ಸೇರಿ 1,900.

ಸಾಮಾನು ಬೀದರಿನ ಚೌಬಾರಾ ಎಂಬ ಹಳೇ ಕಾವಲು ಗೋಪುರದ ಸುತ್ತಲಿನ ಹಳೇ ಪೇಟೆಯಲ್ಲಿ ತಂದದ್ದು. ಸುರಾಹಿ 5,500, ತಟ್ಟೆ 2,200, ಡಬ್ಬಿ 900ರ ಆಸುಪಾಸು. ಕೈಯಲ್ಲಿ ಹಿಡಿದಾಗ ಗಾತ್ರಕ್ಕೆ ಮೀರಿದ ಭಾರ ಇರಬೇಕು, ಹಗುರವಿದ್ದರೆ ಅಲ್ಯೂಮಿನಿಯಂಗೆ ಕರಿ ಬಣ್ಣ ಬಳಿದದ್ದಾಗಿರಬಹುದು. ತಳ ತಿರುಗಿಸಿ ಅಂಚನ್ನು ಉಗುರಿನಿಂದ ಕೆರೆದು ನೋಡಿ. ಬಣ್ಣವಾದರೆ ಪದರಾಗಿ ಏಳುತ್ತದೆ. ಬಿದರಿಯ ಕಪ್ಪು ಹಳೇ ಕೋಟೆಯ ಮಣ್ಣು, ನವಸಾಗರ ಸೇರಿಸಿ ಕುದಿಸಿದ ನೀರಿನಿಂದ ಸತುವಿನ ಮೇಲೇ ಕೂತದ್ದು. ಆ ನೀರು ಬೆಳ್ಳಿಯನ್ನು ಮುಟ್ಟುವುದಿಲ್ಲ.

ಬಿದರಿ ಮೇಲೆ ಬಿಳಿ ಬೂದಿ ಎದ್ದರೆ ಅದನ್ನು ಹುಣಸೆಹಣ್ಣು, ನಿಂಬೆ, ಹಿತ್ತಾಳೆ ಪಾಲಿಶ್ ಹಾಕಿ ತಿಕ್ಕಬೇಡಿ, ಕಪ್ಪೇ ಹೋಗುತ್ತದೆ. ಎರಡು ಹನಿ ಕೊಬ್ಬರಿ ಎಣ್ಣೆಯನ್ನು ಮಲ್‌ಮಲ್ ಬಟ್ಟೆಗೆ ಹಚ್ಚಿ ರಾತ್ರಿ ಸವರಿ, ಬೆಳಿಗ್ಗೆ ಒಣ ಬಟ್ಟೆಯಿಂದ ಒರೆಸಿದರೆ ಸಾಕು. ಎಣ್ಣೆ ಹೆಚ್ಚಾದರೆ ಬೇಸಿಗೆಯ ಧೂಳು ಕೂತು ಗೆರೆಯೊಳಗೆ ಮೇಣದಂತೆ ಕಟ್ಟುತ್ತದೆ. ಹೂವಿಡುವ ಆಸೆ ಇದ್ದರೆ ಒಳಗೆ ಗಾಜಿನ ನಳಿಗೆ ಇಳಿಸಿ ನೀರು ಅದಕ್ಕೆ ಹಾಕಿ.

ಪಕ್ಕದ ಪ್ರಯೋಗವೊಂದು. ಮೂಲೆಯ ಮಣ್ಣಿನ ಕೊಡದಲ್ಲಿ ಜೋಳದ ತೆನೆ ನಿಲ್ಲಿಸಿದ್ದೆ. ಹದಿನೈದು ದಿನಕ್ಕೆ ನುಸಿ, ಆಮೇಲೆ ಇಲಿ. ಕಾಳು ಪೂರ್ತಿ ಬಡಿದು, ನಾಲ್ಕು ದಿನ ಬಿಸಿಲಿಗೆ ಒಣಗಿಸಿ, ಕೊಡದ ತಳಕ್ಕೆ ಬೇವಿನೆಲೆ ಹಾಕಿದ ಮೇಲೆ ಆರು ತಿಂಗಳಾದರೂ ನಿಂತಿದೆ. ಖರ್ಚು ಕೊಡಕ್ಕೆ ಮಾತ್ರ.

ಲಂಬಾಣಿ ಕಸೂತಿಯ ತುಂಡಿಗೆ ಚೌಕಟ್ಟು ಹಾಕಿಸಲು 1,200 ಆಯಿತು. ಮೊದಲ ಸಲ ಗಾಜು ಬಟ್ಟೆಗೆ ಒತ್ತಿ ಎರಡು ಕನ್ನಡಿ ಬಿರುಕು ಬಿಟ್ಟವು. ಈಗ ಗಾಜಿಗೂ ಬಟ್ಟೆಗೂ ನಡುವೆ 5 ಮಿಲಿಮೀಟರ್ ಪಟ್ಟಿ ಇದೆ, ಬಟ್ಟೆಯನ್ನು ಅಂಟಿನ ಬದಲು ಹಿಂದಿನ ಖಾದಿಗೆ ದಾರದಿಂದ ಹೊಲಿದಿದೆ. ಅದನ್ನು ಬಿದರಿಯ ಪಕ್ಕ ಹಾಕಿದರೆ ಕಣ್ಣು ಕನ್ನಡಿಗಳ ಮೇಲೇ ಹೋಗುತ್ತದೆ, ಅದಕ್ಕೇ ಬಾಗಿಲ ಪಕ್ಕದ ಅಡ್ಡ ಗೋಡೆಗೆ ಹಾಕಿದೆ. ಮೊದಲು ಕಳೆದದ್ದು ಬಿಟ್ಟು ಈ ಸಲದ್ದು ಎಲ್ಲ ಸೇರಿ 13 ಸಾವಿರದ ಆಸುಪಾಸು. ಕಿಟಕಿಯ ಗೋಡೆಗೆ ಕರಿ ಹಾಳೆಯ ಮೂರು ಆಕಾರ ಹಚ್ಚಿ ನಾಲ್ಕು ದಿನವಾಯಿತು, ನಡುವಿನದು ಇಳಿಯುವ ಹಾಗೆ ಕಾಣುತ್ತದೆ.